ಅಡಿಕೆ ಮರದ ಬಿಳಿ ಮಚ್ಚೆ

ಶಿರಸಿ ಕಡೆಯ ತೋಟಗಳಲ್ಲಿ ಅಡಿಕೆ ಮರದ ಮೈಮೇಲೆ ಬಿಳಿ, ಬೂದಿ, ತಿಳಿಹಸಿರು ಮಚ್ಚೆಗಳು ಇದ್ದೇ ಇರುತ್ತವೆ. ರೋಗ ಅಂತ ಅದನ್ನು ಕೆರೆಸುವವರು ಈಗಲೂ ಇದ್ದಾರೆ. ನಾನು ಕೆರೆಸುವುದಿಲ್ಲ, ಲೆನ್ಸ್ ಹಿಡಿದು ನೋಡುತ್ತೇನೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಲೆನ್ಸ್, ಒಂದು ನೀರಿನ ಸ್ಪ್ರೇ ಬಾಟಲಿ, ಇಷ್ಟಿದ್ದರೆ ಸಾಕು. ಬೇಸಿಗೆಯಲ್ಲಿ ಒಣಗಿದ ಮಚ್ಚೆಗೆ ನೀರು ಹೊಡೆದು ಸ್ವಲ್ಪ ಹೊತ್ತು ಕಾಯಿರಿ. ಬೂದಿ ಬಣ್ಣ ಹೋಗಿ ಹಸಿರು ಏರಿದರೆ ಅದು ಕಲ್ಲುಹೂವು. ಶಿಲೀಂಧ್ರ, ಪಾಚಿ ಎರಡೂ ಕೂಡಿ ಬಾಳುವ ಜೀವಿ ಅದು. ಮೇಲಿನ ಶಿಲೀಂಧ್ರದ ಪದರ ನೆನೆದಾಗ ಬೆಳಕನ್ನು ಒಳಗೆ ಬಿಡುತ್ತದೆ, ಒಳಗಿನ ಪಾಚಿಯ ಹಸಿರು ಹೊರಗೆ ಕಾಣುತ್ತದೆ. ಹಾವಸೆಯದ್ದು (ಇಂಗ್ಲಿಷಿನ ಮಾಸ್) ಬೇರೆಯೇ ಆಟ. ಮುದುಡಿದ ಪುಟ್ಟ ಎಲೆಗಳು ಕಣ್ಣೆದುರೇ ಬಿಚ್ಚಿಕೊಳ್ಳುತ್ತವೆ. ನನಗೆ ಇದನ್ನು ನೋಡಿ ಇನ್ನೂ ಬೇಜಾರಾಗಿಲ್ಲ.

ಅಡಿಕೆ ಮರದಲ್ಲಿ ಜಾಸ್ತಿ ಸಿಗುವುದು ಗ್ರಾಫಿಸ್ ಅನ್ನುವ ಕಲ್ಲುಹೂವು. ಬಿಳಿ ಮಚ್ಚೆಯ ಮೇಲೆ ಯಾರೋ ಅಕ್ಷರ ಗೀಚಿದ ಹಾಗೆ ಕಪ್ಪು ಗೆರೆಗಳು. ಬೀಜಕಣ ಹುಟ್ಟುವುದು ಆ ಗೆರೆಗಳಲ್ಲೇ. ಪ್ರಭೇದದವರೆಗೆ ಹೋಗಲು ಸೂಕ್ಷ್ಮದರ್ಶಕ, ರಾಸಾಯನಿಕ ಪರೀಕ್ಷೆ ಎಲ್ಲ ಬೇಕು. ಆ ಗೋಜಿಗೆ ನಾನು ಹೋಗಿಲ್ಲ.

ವಯಸ್ಸಿನ ಅಂದಾಜಿಗೆ ಅಡಿಕೆ ಮರ ಬಹಳ ಅನುಕೂಲ. ಸೋಗೆ (ಅಡಿಕೆ ಗರಿ) ಬಿದ್ದಲ್ಲೆಲ್ಲ ಒಂದು ಉಂಗುರ ಉಳಿಯುತ್ತದೆ ಅಲ್ವಾ? ವರ್ಷಕ್ಕೆ ಸುಮಾರು 6-7 ಸೋಗೆ ಬೀಳುತ್ತವೆ. ಮೇಲಿಂದ ಮಚ್ಚೆಯವರೆಗೆ ಉಂಗುರ ಎಣಿಸಿ ಭಾಗಿಸಿದರೆ ಆ ಜಾಗ ಗಾಳಿಗೆ ತೆರೆದುಕೊಂಡು ಎಷ್ಟು ವರ್ಷವಾಯಿತು ಅಂತ ಗೊತ್ತಾಗುತ್ತದೆ. ಮಚ್ಚೆ ಅದಕ್ಕಿಂತ ಹಳೆಯದಿರಲು ಸಾಧ್ಯವಿಲ್ಲ, ಸೋಗೆಯ ಬುಡದ ಹಾಳೆ ಕಳಚುವವರೆಗೆ ಕಾಂಡ ಮುಚ್ಚಿಯೇ ಇರುತ್ತದಲ್ಲ.

ಇವುಗಳಿಗೆ ಬೇರಿಲ್ಲ, ಮರದ ರಸ ಹೀರುವುದೂ ಇಲ್ಲ. ಮಳೆನೀರು, ಗಾಳಿಯ ಧೂಳು ಸಾಕು. ಸೊರಗಿದ ಮರದಲ್ಲಿ ಮಚ್ಚೆ ಜಾಸ್ತಿ ಕಾಣುವುದು ನಿಜ. ಆದರೆ ತಲೆ ಕಿರಿದಾಗಿ ಕಾಂಡಕ್ಕೆ ಬೆಳಕು ಬಿದ್ದ ಮೇಲೆ ಬಂದದ್ದು ಅದು. ಅಂಥ ಮರ ಕಂಡರೆ ಬುಡದಲ್ಲಿ ಅಣಬೆ ರೋಗ ಇದೆಯೋ, ಬಸಿಗಾಲುವೆ ಹೂಳಿದೆಯೋ ನೋಡುತ್ತೇನೆ.

ಹಾವಸೆಯ ಕೆಲಸ ನೋಡಬೇಕಾದರೆ ತೋಟದಂಚಿನ ದರೆಗೆ (ಕಡಿದಾದ ಮಣ್ಣಿನ ಅಂಚು) ಬನ್ನಿ. ಹಾವಸೆ ಮುಚ್ಚಿದ ಕಡೆ ಜೂನ್ ಮಳೆಯ ನೀರು ತಿಳಿಯಾಗಿ ಇಳಿಯುತ್ತದೆ. ಗುದ್ದಲಿಯಲ್ಲಿ ಕೆತ್ತಿದ ಕಡೆ ಕೆಂಪು ನೀರು. ಜರಿಗಿಡದ ಮರಿಗಳೂ ಆ ಹಾವಸೆಯ ನಡುವೆಯೇ ಏಳುತ್ತವೆ. ಇನ್ನು ಮಾವಿನ ಮರದಲ್ಲಿ, ಮಳೆಗಾಲಕ್ಕೆ ಉಬ್ಬಿ ಕಪ್ಪಗೆ ಲೋಳೆಲೋಳೆಯಾಗುವ ಒಂದು ಕಲ್ಲುಹೂವು ಇದೆ. ಅದರೊಳಗಿನ ನೀಲಿಹಸಿರು ಪಾಚಿ ಗಾಳಿಯ ಸಾರಜನಕ ಹಿಡಿಯುತ್ತದೆ. ಉದುರಿ ಕೊಳೆತಾಗ ಅದು ಮಣ್ಣಿಗೆ ಸೇರುತ್ತದೆ, ಖರ್ಚಿಲ್ಲದ ಗೊಬ್ಬರ.

ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ 1% ಬೋರ್ಡೋ ದ್ರಾವಣ ಅಡಿಕೆ ಗೊನೆಯ ಮೇಲೆ ಬಿದ್ದರೆ ಸಾಕು. ಅದರಲ್ಲಿರುವ ಮೈಲುತುತ್ತ ಹಾವಸೆಯನ್ನೂ ಕೊಲ್ಲುತ್ತದೆ. ಉಳಿದ ದ್ರಾವಣವನ್ನು ಸುಮ್ನೆ ಕಾಂಡಕ್ಕೆ, ದರೆಗೆ ಹೊಡೆದು ಖಾಲಿ ಮಾಡಬೇಡ ಅಂತ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಹೇಳಿಟ್ಟಿದ್ದೇನೆ.

ಅಂಗಳದ ಮೆಟ್ಟಿಲಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಮಳೆ ಶುರುವಾಗುತ್ತಿದ್ದಂತೆ ಬ್ಲೀಚಿಂಗ್ ಪುಡಿ ಹಾಕಿ ಗಸಗಸ ಉಜ್ಜುತ್ತೇನೆ. ಅಲ್ಲಿ ಜಾರಿದರೆ ಸೊಂಟ ನನ್ನದು.