ಕಾನೂನಿನ ಪ್ರಶ್ನೆ ಎದ್ದಾಗ ಸಣ್ಣ ಆರ್ಕಿಟೆಕ್ಟ್ ಕಚೇರಿ ಎಲ್ಲಿ ಹುಡುಕಬೇಕು?

ಮೂರ್ನಾಲ್ಕು ಜನರ ಆರ್ಕಿಟೆಕ್ಟ್ ಕಚೇರಿಗೆ ಪರಿಚಯದ ಗುತ್ತಿಗೆದಾರರೊಬ್ಬರ ಫೋನ್ ಬರುತ್ತದೆ. ಎರಡು ವರ್ಷದ ಹಿಂದೆ ನೀವು ನಕ್ಷೆ ಮಾಡಿಕೊಟ್ಟ ಮನೆಯ ಮಾಲೀಕರು ಅದೇ ನಕ್ಷೆ ಇಟ್ಟುಕೊಂಡು ಬೇರೊಂದು ನಿವೇಶನದಲ್ಲಿ ಮತ್ತೊಂದು ಮನೆ ಎಬ್ಬಿಸುತ್ತಿದ್ದಾರಂತೆ. ಮಾಲೀಕರನ್ನು ಕೇಳಿದರೆ, ‘ದುಡ್ಡು ಕೊಟ್ಟು ಮಾಡಿಸಿದ್ದೀನಿ, ನಕ್ಷೆ ನನ್ನದೇ ಅಲ್ಲವಾ?’ ಎನ್ನುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿ ಇದನ್ನು ನೋಡಿಕೊಳ್ಳಲು ಕಾನೂನು ವಿಭಾಗವೇ ಇರುತ್ತದೆ. ಸಣ್ಣ ಕಚೇರಿಯಲ್ಲಿ ಡ್ರಾಯಿಂಗ್ ಮಾಡುವವರೇ ಬಿಲ್ ಬರೆಯಬೇಕು, ಸೈಟಿಗೂ ಓಡಬೇಕು, ಇದಕ್ಕೂ ಉತ್ತರ ಹುಡುಕಬೇಕು. ಈ ಒಂದೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು, ಎಲ್ಲೆಲ್ಲಿ ಏನೇನು ಸಿಗುತ್ತದೆ ನೋಡೋಣ.

ಮೊದಲು ಪ್ರಶ್ನೆಯನ್ನು ಕಾಗದದ ಮೇಲೆ ಇಳಿಸಿ

‘ನನಗೆ ಅನ್ಯಾಯವಾಗಿದೆ’ ಎಂಬುದು ನಿಜವಿರಬಹುದು, ಆದರೆ ಅದನ್ನು ಇಟ್ಟುಕೊಂಡು ಯಾವ ಕಾಯ್ದೆಯಲ್ಲೂ ಹುಡುಕಲಾಗದು. ನಕ್ಷೆ ಯಾವ ದಿನಾಂಕದಂದು ಕೊಟ್ಟಿರಿ, ಪಿಡಿಎಫ್ ಕೊಟ್ಟಿರೋ ತಿದ್ದಬಹುದಾದ ಕ್ಯಾಡ್ ಫೈಲ್ ಕೊಟ್ಟಿರೋ, ಶುಲ್ಕ ಪೂರ್ತಿ ಬಂದಿದೆಯೋ ಇಲ್ಲವೋ, ಆ ಡ್ರಾಯಿಂಗ್ ಮಾಡಿದವರು ನಿಮ್ಮ ಸಂಬಳದ ನೌಕರರೋ ಹೊರಗಿನವರೋ, ಎಲ್ಲ ಬರೆಯಿರಿ. ಕೊನೆಯ ಅಂಶವನ್ನು ಎಷ್ಟೋ ಜನ ಬಿಟ್ಟೇಬಿಡುತ್ತಾರೆ. ನೌಕರರ ಕೆಲಸದ ಹಕ್ಕು ಸಾಮಾನ್ಯವಾಗಿ ಕಚೇರಿಗೆ ಸೇರುತ್ತದೆ. ಹೊರಗಿನಿಂದ ಮಾಡಿಸಿದ್ದಕ್ಕೆ ಲಿಖಿತ ಕರಾರು ಇಲ್ಲದಿದ್ದರೆ ಅನೇಕ ಕಡೆ ಆ ಹಕ್ಕು ಮಾಡಿದವರಲ್ಲೇ ಉಳಿಯುತ್ತದೆ. ಆಗ ಮಾಲೀಕರನ್ನು ಪ್ರಶ್ನಿಸುವ ಮೊದಲು ನಿಮ್ಮ ಹಕ್ಕನ್ನೇ ನೀವು ಖಚಿತ ಮಾಡಿಕೊಳ್ಳಬೇಕಾಗುತ್ತದೆ.

ನಿಮ್ಮದೇ ಕಡತ ತೆರೆಯಿರಿ

ಕಾನೂನು ಎಂದ ಕೂಡಲೇ ಕೈ ಗೂಗಲ್ ಕಡೆಗೆ ಹೋಗುತ್ತದೆ. ಅದಕ್ಕಿಂತ ಮೊದಲು ಓದಬೇಕಾದ್ದು ನೀವೇ ಸಹಿ ಹಾಕಿದ ಒಪ್ಪಂದ. ಆರ್ಕಿಟೆಕ್ಟ್ ಮತ್ತು ಮಾಲೀಕರ ನಡುವಿನ ಹೆಚ್ಚಿನ ಜಗಳಗಳ ಉತ್ತರ ಅಲ್ಲೇ ಇರುತ್ತದೆ, ಇಲ್ಲವೇ ಅಲ್ಲಿ ಇಲ್ಲದಿರುವುದೇ ಜಗಳಕ್ಕೆ ಕಾರಣವಾಗಿರುತ್ತದೆ. ನಕ್ಷೆಯ ಬಳಕೆ ಒಂದೇ ಕಟ್ಟಡಕ್ಕೆ ಸೀಮಿತ ಎಂಬ ಷರತ್ತು ಇದೆಯೇ ನೋಡಿ. ಒಪ್ಪಂದವನ್ನೇ ಮಾಡಿಕೊಂಡಿಲ್ಲ ಎಂದಾದರೆ ಶುಲ್ಕದ ಪತ್ರ, ಇಮೇಲ್, ವಾಟ್ಸ್ಆ್ಯಪ್ ಸಂದೇಶ, ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ. ಡ್ರಾಯಿಂಗ್ ಹಾಳೆಯ ಬಲ ಮೂಲೆಯ ಟೈಟಲ್ ಬ್ಲಾಕನ್ನೂ ನೋಡಿ. ಯೋಜನೆಯ ಹೆಸರು, ನಿವೇಶನದ ಸಂಖ್ಯೆ, ಪರಿಷ್ಕರಣೆಯ ದಿನಾಂಕ, ‘ಈ ನಕ್ಷೆ ಈ ನಿವೇಶನಕ್ಕೆ ಮಾತ್ರ’ ಎಂಬ ಒಂದು ಸಾಲು. ಅಷ್ಟು ಚಿಕ್ಕ ಅಕ್ಷರದ ಆ ಸಾಲು ನಾಳೆ ದೊಡ್ಡ ಸಾಕ್ಷಿಯಾಗಬಹುದು.

ಎಲ್ಲಿಂದಲೋ ಇಳಿಸಿಕೊಂಡ ಒಪ್ಪಂದವಾಗಿದ್ದರೆ ಪ್ರತಿ ಪದವನ್ನೂ ನಿಧಾನವಾಗಿ ಓದಿ. ‘ಕಾಮಗಾರಿಯ ಮೇಲ್ವಿಚಾರಣೆ ಮಾಡತಕ್ಕದ್ದು’ ಎಂದಿದ್ದರೆ ಗುತ್ತಿಗೆದಾರರ ತಪ್ಪೂ ನಿಮ್ಮ ತಲೆಗೆ ಬರುವ ಅಪಾಯವಿದೆ. ‘ಕಾಲಕಾಲಕ್ಕೆ ಸೈಟಿಗೆ ಭೇಟಿ ಕೊಟ್ಟು, ಕೆಲಸ ನಕ್ಷೆಯಂತೆ ನಡೆಯುತ್ತಿದೆಯೇ ಎಂದು ನೋಡುವುದು’ ಎಂದರೆ ಹೊಣೆ ಬೇರೆ. ಸಣ್ಣ ಕಚೇರಿಗಳನ್ನು ಮುಳುಗಿಸುವುದು ಇಂಥ ಒಂದೊಂದು ಪದ.

ಆಮೇಲೆ ಕಾಯ್ದೆಯ ಮೂಲಪಾಠ

ಕಾಯ್ದೆಯ ಬಗ್ಗೆ ಯಾರೋ ಬರೆದದ್ದನ್ನಲ್ಲ, ಕಾಯ್ದೆಯನ್ನೇ ಓದಿ. ಬಹುತೇಕ ಸರ್ಕಾರಗಳು ಕಾಯ್ದೆಗಳನ್ನೂ ರಾಜ್ಯಪತ್ರಗಳನ್ನೂ ಉಚಿತವಾಗಿ ಪ್ರಕಟಿಸುತ್ತವೆ. ಹಕ್ಕುಸ್ವಾಮ್ಯದ ವಿಷಯಕ್ಕಾದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ವೈಪೊ ಲೆಕ್ಸ್ ಸಂಗ್ರಹದಲ್ಲಿ ದೇಶವಾರು ಕಾಯ್ದೆಗಳು ಸಿಗುತ್ತವೆ. ಮೊದಲು ‘ಪರಿಭಾಷೆಗಳು’ ಎಂಬ ಕಲಂ ಓದಿ, ಏಕೆಂದರೆ ‘ಕೃತಿ’ ಎಂಬ ಮಾತಿಗೆ ನಮ್ಮ ಅರ್ಥ ಒಂದು, ಕಾಯ್ದೆಯ ಅರ್ಥ ಇನ್ನೊಂದು ಇರಬಹುದು. ಕೊನೆಯ ತಿದ್ದುಪಡಿ ಯಾವ ವರ್ಷದ್ದು ಎಂದು ನೋಡದೆ ಮುಂದೆ ಹೋಗಬೇಡಿ. ಹಳೆಯ ಪ್ರತಿ ಓದಿ ಉತ್ತರ ಕೊಡುವುದಕ್ಕಿಂತ ಸುಮ್ಮನಿರುವುದು ಮೇಲು.

ನಮ್ಮ ಪ್ರಶ್ನೆಗೆ ಇಲ್ಲಿ ಗಟ್ಟಿ ನೆಲ ಸಿಗುತ್ತದೆ. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಡಂಬಡಿಕೆಯನ್ನು 1908ರಲ್ಲಿ ಬರ್ಲಿನ್‌ನಲ್ಲಿ ಪರಿಷ್ಕರಿಸಿದಾಗ ವಾಸ್ತುಶಿಲ್ಪವೂ ರಕ್ಷಿತ ಕೃತಿಗಳ ಪಟ್ಟಿಗೆ ಸೇರಿತು. ನಕ್ಷೆಯ ಪ್ರತಿಗೆ ದುಡ್ಡು ಕೊಡುವುದು ಬೇರೆ, ಅದರ ಹಕ್ಕುಸ್ವಾಮ್ಯ ಪಡೆಯುವುದು ಬೇರೆ ಎಂಬುದನ್ನು ಬಹಳಷ್ಟು ದೇಶಗಳ ಕಾನೂನು ಒಪ್ಪುತ್ತದೆ. ಆದರೆ ವಿವರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಹೊಣೆಗಾರಿಕೆಯ ವಿಷಯದಲ್ಲಂತೂ ಈ ವ್ಯತ್ಯಾಸ ಇನ್ನೂ ದೊಡ್ಡದು. ಫ್ರಾನ್ಸಿನಲ್ಲಿ ಕಟ್ಟಡದ ಗಂಭೀರ ದೋಷಕ್ಕೆ ಆರ್ಕಿಟೆಕ್ಟ್ ಸೇರಿದಂತೆ ಕಟ್ಟಿದವರೆಲ್ಲ 10 ವರ್ಷ ಹೊಣೆ. ಆ ಸಂಖ್ಯೆಯನ್ನು ಎಲ್ಲೋ ಓದಿ ನಿಮ್ಮ ಊರಿಗೂ ಅನ್ವಯಿಸಿಕೊಂಡರೆ ಕೆಟ್ಟಿರಿ.

ತೀರ್ಪುಗಳು

ಕಾಯ್ದೆಯ ಮಾತನ್ನು ನ್ಯಾಯಾಲಯ ಹೇಗೆ ಓದಿದೆ ಎಂಬುದು ತೀರ್ಪಿನಲ್ಲಿ ತಿಳಿಯುತ್ತದೆ. ಕಾಯ್ದೆ, ತೀರ್ಪುಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡುವ ಸಂಗ್ರಹಗಳಿವೆ. 1992ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲೀಗಲ್ ಇನ್ಫರ್ಮೇಷನ್ ಇನ್‌ಸ್ಟಿಟ್ಯೂಟ್ ಶುರುವಾಯಿತು. 1995ರಲ್ಲಿ ಆಸ್ಟ್ರೇಲಿಯಾದ ಆಸ್ಟ್‌ಎಲ್ಐಐ, ಬಳಿಕ ಬ್ರಿಟನ್ನಿನ ಬೈಲಿ, ಕೆನಡಾದ ಕ್ಯಾನ್‌ಎಲ್ಐಐ ಬಂದವು. 2008ರಲ್ಲಿ ಇಂಡಿಯನ್ ಕಾನೂನ್ ಬಂತು. ಇವೆಲ್ಲ ಉಚಿತ. ಒಂದು ಕಾಲಕ್ಕೆ ವಕೀಲರ ಬೀರುವಿನಲ್ಲಿ ಮಾತ್ರ ಇದ್ದದ್ದು ಇವತ್ತು ನಮ್ಮ ಮೇಜಿನ ಮೇಲಿದೆ, ಅದನ್ನು ಬಳಸಿಕೊಳ್ಳದಿರುವುದು ನಷ್ಟ. ತೀರ್ಪು ಸಿಕ್ಕಾಗ ಮೂರು ಸಂಗತಿ ನೋಡಿ: ಯಾವ ಹಂತದ ನ್ಯಾಯಾಲಯ, ಮೇಲ್ಮನವಿಯಲ್ಲಿ ಅದು ಉಳಿದಿದೆಯೇ, ಅಲ್ಲಿನ ಸಂಗತಿ ನಿಮ್ಮದನ್ನು ಹೋಲುತ್ತದೆಯೇ.

ಎಐ ಚಾಟ್‌ಬಾಟ್‌ ಕೊಟ್ಟ ತೀರ್ಪನ್ನು ಈ ಸಂಗ್ರಹಗಳಲ್ಲಿ ಕಣ್ಣಾರೆ ಕಾಣುವವರೆಗೆ ನಂಬಬೇಡಿ. ಅದು ಸೃಷ್ಟಿಸಿದ, ಇಲ್ಲವೇ ಇಲ್ಲದ ತೀರ್ಪುಗಳನ್ನು ವಕೀಲರೇ ಸಲ್ಲಿಸಿದ್ದಕ್ಕೆ 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ 5,000 ಡಾಲರ್ ದಂಡ ಹಾಕಿತು.

ವೃತ್ತಿ ಸಂಘಗಳ ಬಳಿ ಇರುವುದು

ನಿಮಗೆ ನೋಂದಣಿ ಕೊಟ್ಟ ಮಂಡಳಿಯ ನಡವಳಿಕೆ ಸಂಹಿತೆ, ವೃತ್ತಿ ಸಂಘದ ಮಾದರಿ ಒಪ್ಪಂದ, ಇವೆರಡೂ ಕೈಯಲ್ಲಿರಲಿ. ಅಮೆರಿಕದ ಆರ್ಕಿಟೆಕ್ಟರ ಸಂಸ್ಥೆ ಎಐಎ 1888ರಿಂದಲೂ ಮಾದರಿ ಒಪ್ಪಂದಗಳನ್ನು ಪ್ರಕಟಿಸುತ್ತಿದೆ, ಚಿಕ್ಕ ಕೆಲಸಗಳಿಗೆ ಬಿ105 ಎಂಬ ಚುಟುಕು ನಮೂನೆಯೂ ಇದೆ. ಬ್ರಿಟನ್ನಿನ ಆರ್ಕಿಟೆಕ್ಟರ ಸಂಸ್ಥೆ ರೀಬಾ ಕೂಡ ಇಂಥವನ್ನು ಕೊಡುತ್ತದೆ. ಇವನ್ನು ನಕಲು ಮಾಡಬೇಡಿ, ಯಾವ ಯಾವ ವಿಷಯಕ್ಕೆ ಷರತ್ತು ಬೇಕು ಎಂದು ತಿಳಿಯಲು ಓದಿ. ವೃತ್ತಿ ಹೊಣೆಗಾರಿಕೆ ವಿಮೆ ಮಾಡಿಸಿದ್ದರೆ ಆ ಪಾಲಿಸಿಯನ್ನೂ ತೆಗೆಯಿರಿ. ನಿಮ್ಮ ಮೇಲೆ ದಾವೆ ಬರುವ ಸೂಚನೆ ಕಂಡರೆ ಕೂಡಲೇ ತಿಳಿಸಬೇಕೆಂಬ ಷರತ್ತು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ.

ವಕೀಲರ ಬಳಿ ಹೋಗುವಾಗ

ಇಷ್ಟು ಓದಿದ್ದು ವಕೀಲರನ್ನು ಬಿಡುವುದಕ್ಕಲ್ಲ. ಅವರೆದುರು ಕೂತ ಅರ್ಧ ಗಂಟೆ ವ್ಯರ್ಥವಾಗದಿರಲಿ ಎಂದು. ಒಂದು ಪುಟದ ಟಿಪ್ಪಣಿ ಒಯ್ಯಿರಿ: ದಿನಾಂಕವಾರು ಘಟನೆ, ಒಪ್ಪಂದದ ಷರತ್ತು, ನೀವು ಕಂಡ ಕಲಂ, ನಿಮಗೆ ಬೇಕಾದದ್ದೇನು. ಹೆಚ್ಚುವರಿ ಶುಲ್ಕ ಬೇಕೋ, ಕೆಲಸ ನಿಲ್ಲಿಸಬೇಕೋ? ಮೊದಲ ಪ್ರಶ್ನೆಯಾಗಿ ಕಾಲಮಿತಿ ಕೇಳಿ, ದಾವೆ ಹೂಡುವ ಅವಧಿ ಮುಗಿದಿದ್ದರೆ ಉಳಿದ ಮಾತೆಲ್ಲ ಬೇರೆಯಾಗುತ್ತದೆ. ರಾಜಿ ಸಂಧಾನಕ್ಕೆ ದಾರಿ ಇದೆಯೇ ಎಂದೂ ಕೇಳಿ. ಸಿಟ್ಟಿನ ಪತ್ರವನ್ನು ಅದಕ್ಕೂ ಮುಂಚೆ ಕಳಿಸಬೇಡಿ.

ಸಿಕ್ಕ ಉತ್ತರವನ್ನು ದಿನಾಂಕ ಹಾಕಿ ಕಡತಕ್ಕೆ ಸೇರಿಸಿ. ಅದೇ ವಾರ ಕಚೇರಿಯ ಒಪ್ಪಂದದ ನಮೂನೆ ತೆರೆದು, ಎರಡನೇ ಕಟ್ಟಡಕ್ಕೆ ನಕ್ಷೆ ಬಳಸಿದರೆ ಶುಲ್ಕ ಎಷ್ಟು ಎಂಬ ಷರತ್ತನ್ನು ವಕೀಲರಿಗೆ ತೋರಿಸಿ ಬರೆದುಬಿಡಿ.