ಉತ್ತರ ಲೊಂಬೊಕ್‌ನ ಹಳ್ಳಿಯಲ್ಲಿ ಅರ್ಧ ಗೋಡೆಯ ಮನೆ: ನನ್ನ ಅನುಭವ

ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಉತ್ತರಕ್ಕೆ, ತಂಜುಂಗ್ ಪೇಟೆಯಿಂದ ಗುಡ್ಡದ ಕಡೆ ಹತ್ತಿದರೆ ಸಿಗುವ ಒಂದು ಸಣ್ಣ ಹಳ್ಳಿಯಲ್ಲಿ ನಾನು ಕಟ್ಟಿಸಿದ ಮನೆಯ ಗೋಡೆ ಕಿಟಕಿಯ ಕೆಳಗಂಚಿಗೇ ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ಮರದ ಚೌಕಟ್ಟು, ಅದಕ್ಕೆ ಬಡಿದ ಹಗುರವಾದ ಹಲಗೆ, ಅದರ ಮೇಲೆ ತಗಡಿನ ಮಾಡು. 2017ರಲ್ಲಿ ಇದನ್ನು ಕಟ್ಟುವಾಗ ಮೇಸ್ತ್ರಿಯಿಂದ ಹಿಡಿದು ನನ್ನ ಮಾವನವರೆಗೆ ಯಾರೂ ಒಪ್ಪಿರಲಿಲ್ಲ. ಮಲೇಷ್ಯಾದ ತಾಳೆ ತೋಟಗಳಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳಿದ ಸಾಸಾಕ್ ಜನರು, ಅಂದರೆ ಲೊಂಬೊಕ್‌ನ ಮೂಲ ನಿವಾಸಿಗಳು, ಮೊದಲು ಮಾಡುವ ಕೆಲಸವೇ ಪೂರ್ತಿ ಗೋಡೆಯ, ಹಂಚಿನ ಮಾಡಿನ ಮನೆ ಕಟ್ಟಿಸುವುದು. ಅರ್ಧ ಗೋಡೆ ಎಂದರೆ ಕೈಯಲ್ಲಿ ಕಾಸಿಲ್ಲದವನ ಮನೆ ಎಂಬುದೇ ಅಲ್ಲಿನ ಲೆಕ್ಕ. ಮಂಗಳೂರಿನಲ್ಲಿ ಗುತ್ತಿಗೆ ಹಿಡಿದು, ಮಲೇಷ್ಯಾದ ಜೊಹೊರ್‌ನಲ್ಲಿ ಬಹುಮಹಡಿ ಕಟ್ಟಡಗಳ ಸೂಪರ್‌ವೈಸರ್ ಆಗಿದ್ದವನು ಹೆಂಡತಿಯ ಊರಿಗೆ ಬಂದು ಕೊಟ್ಟಿಗೆಯಂಥ ಮನೆ ಕಟ್ಟಿಸುತ್ತಿದ್ದಾನೆ ಎಂಬ ಮಾತು ನನ್ನ ಕಿವಿಗೂ ಬಿದ್ದಿತ್ತು. 2018ರ ಆಗಸ್ಟ್ 5ರ ರಾತ್ರಿಯ ಭೂಕಂಪದ ನಂತರ ಆ ಮಾತು ನಿಂತುಹೋಯಿತು. ಕಟ್ಟಡದ ಕೆಲಸ ಬಲ್ಲವರು ಓದುತ್ತಾರೆಂದೇ ಇದನ್ನು ಬರೆಯುತ್ತಿದ್ದೇನೆ. ಆದ್ದರಿಂದ ಪಾಯ ತೆಗೆಯುವುದು ಹೇಗೆ, ಕಾಂಕ್ರೀಟು ಕಲಸುವುದು ಹೇಗೆ ಎಂಬ ವಿವರಗಳಿಗೆ ಹೋಗುವುದಿಲ್ಲ.

ಮನೆಗಿಂತ ಹೆಚ್ಚು ತಲೆ ತಿಂದದ್ದು ಜಾಗ. 1960ರ ಭೂ ಕಾನೂನಿನ ಪ್ರಕಾರ ‘ಹಕ್ ಮಿಲಿಕ್’ ಎಂಬ ಪೂರ್ಣ ಒಡೆತನ ಆ ದೇಶದ ಪ್ರಜೆಗೆ ಮಾತ್ರ ಸಲ್ಲುತ್ತದೆ. ನನ್ನ ಹೆಂಡತಿ ಅದೇ ಊರಿನವಳಾದರೂ, ಮದುವೆಗೆ ಮೊದಲು ಆಸ್ತಿ ಬೇರೆ ಬೇರೆ ಎಂಬ ಕರಾರು ಮಾಡಿಕೊಂಡಿರದ ಕಾರಣ, ಮದುವೆಯ ನಂತರ ಅವಳು ಏನು ಕೊಂಡರೂ ಅದು ಇಬ್ಬರಿಗೂ ಸೇರಿದ ಆಸ್ತಿಯಾಗಿ, ಅರ್ಧ ಪಾಲು ವಿದೇಶಿಯಾದ ನನ್ನದಾಗುತ್ತಿತ್ತು. ಹಾಗಾಗಿ ಕ್ರಯಪತ್ರ ಮಾಡಿಕೊಡಲು ನೋಟರಿಗಳು ಒಪ್ಪುತ್ತಿರಲಿಲ್ಲ. ಯಾರಾದರೂ ಸ್ಥಳೀಯರ ಹೆಸರಿನಲ್ಲಿ ಬೇನಾಮಿಯಾಗಿ ತೆಗೆದುಕೊಳ್ಳಿ ಎಂದು ದಲ್ಲಾಳಿಗಳು ಹೇಳಿದರು, ಕಡಲತೀರದಲ್ಲಿ ನೆಲೆಸಿದ ವಿದೇಶಿಯರು ಕೆಲವರೂ ಅದನ್ನೇ ಹೇಳಿದರು. ಅಂಥ ವ್ಯವಹಾರವನ್ನು ಅದೇ 1960ರ ಕಾನೂನು ಅಸಿಂಧು ಎನ್ನುತ್ತದೆ. ಜಾಗ ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ಹಣವನ್ನು ಹಿಂದಕ್ಕೆ ಕೇಳುವಂತೆಯೂ ಇಲ್ಲ. ನಾನು ಬೇನಾಮಿಗೆ ಕೈ ಹಾಕದೆ ಮಾವನ ಮನೆಯ ಹಿಂದಿನ ಕೋಣೆಯಲ್ಲಿಯೇ ಕಾದೆ. ಮದುವೆಯಾದ ಮೇಲೂ ಅಂಥ ಕರಾರು ಮಾಡಿಕೊಳ್ಳಬಹುದೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2016ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. ನಾನು ಮೊದಲು ಹೋದ ನೋಟರಿ ಅಂಥ ತೀರ್ಪೇ ಬಂದಿಲ್ಲ ಎಂದರು. ಮಾತರಾಂ ನಗರದ ಇನ್ನೊಬ್ಬರು ತೀರ್ಪಿನ ಪ್ರತಿಯನ್ನು ಮೇಜಿನ ಮೇಲಿಟ್ಟುಕೊಂಡೇ ಕರಾರು ಬರೆದರು. ನೆನಪಿನಲ್ಲಿರುವಂತೆ ಅದಕ್ಕೆ ಮೂವತ್ತು ಲಕ್ಷ ರುಪಿಯಾ ಹಿಡಿಯಿತು. ಆಗ ನಮ್ಮ ಒಂದು ರೂಪಾಯಿಗೆ ಇನ್ನೂರು ರುಪಿಯಾದ ಆಸುಪಾಸು ಇದ್ದುದರಿಂದ, ಹದಿನೈದು ಸಾವಿರ ರೂಪಾಯಿ ಎಂದುಕೊಳ್ಳಿ.

ಮೊದಲು ನೋಡಿದ ಜಾಗ ಕೈ ತಪ್ಪಿತು. ಮಾರುವವನ ಬಳಿ ಇದ್ದದ್ದು ತೆರಿಗೆಯ ರಸೀದಿ ಮತ್ತು ‘ಪಿಪಿಲ್’ ಎಂಬ ಹಳೆಯ ಕಂದಾಯದ ಚೀಟಿ; ಅದು ಅವನ ಅಜ್ಜನ ಹೆಸರಿನಲ್ಲಿತ್ತು, ಪಾಲುದಾರರು ಆರು ಮಂದಿ, ಅವರಲ್ಲಿ ಇಬ್ಬರು ಮಲೇಷ್ಯಾದಲ್ಲಿ. ಕೊಟ್ಟ ಮುಂಗಡದಲ್ಲಿ ಅರ್ಧದಷ್ಟೇ ಹಿಂದಕ್ಕೆ ಬಂದಿತು. ಎರಡನೆಯದು ಒಡೆತನದ ಸರ್ಟಿಫಿಕೇಟು ಇದ್ದ ನಾಲ್ಕು ‘ಆರೆ’ ಜಾಗ. ಒಂದು ಆರೆಗೆ ನೂರು ಚದರ ಮೀಟರ್, ನಮ್ಮ ಕಡೆಯ ಲೆಕ್ಕದಲ್ಲಿ ಎರಡೂವರೆ ಸೆಂಟ್ಸ್. ಒಟ್ಟು ಹತ್ತು ಸೆಂಟ್ಸಿಗೆ ನಾಲ್ಕೂಮುಕ್ಕಾಲು ಕೋಟಿ ರುಪಿಯಾ, ಅಂದರೆ ಎರಡೂಕಾಲು ಲಕ್ಷ ರೂಪಾಯಿ ದಾಟಿತು. ಕೋಟಿಯ ಲೆಕ್ಕ ಕೇಳಿ ಊರಿನಲ್ಲಿದ್ದ ನನ್ನ ತಮ್ಮ ಹೆದರಿದ್ದ. ಕೊಳ್ಳುವವರ ತೆರಿಗೆ ನೂರಕ್ಕೆ ಐದು ಎಂದಿದ್ದರೂ, ಆರು ಕೋಟಿ ರುಪಿಯಾದವರೆಗೆ ವಿನಾಯಿತಿ ಇದ್ದುದರಿಂದ ನಾನು ಅದನ್ನು ಕಟ್ಟಬೇಕಾಗಲಿಲ್ಲ. ಹಣವನ್ನು ಮೂರು ಕಂತುಗಳಲ್ಲಿ ಕೊಟ್ಟೆ: ನಾಲ್ಕೂ ದಿಕ್ಕಿನ ನೆರೆಯವರು ನಿಂತು ಅಳೆಸಿ ಸಹಿ ಹಾಕಿದಾಗ ಒಂದು, ಕ್ರಯಪತ್ರವಾದಾಗ ಒಂದು, ಹೆಂಡತಿಯ ಹೆಸರಿಗೆ ಸರ್ಟಿಫಿಕೇಟು ಬಂದಾಗ ಕೊನೆಯದು. ಇಡೀ ಹಣ ಒಮ್ಮೆಗೇ ಕೈಗೆ ಬಾರದೆ ಹಳ್ಳಿಯ ಯಾವ ಮಾರಾಟಗಾರನೂ ಒಪ್ಪುವುದಿಲ್ಲ ಎಂದು ದಲ್ಲಾಳಿ ಪಂಥ ಕಟ್ಟಿದ್ದ. ಮಾರುವವರು ಒಪ್ಪಿದರು, ಅವರನ್ನು ಹೇಗೆ ಒಪ್ಪಿಸಿದೆ ಎಂಬುದು ನನ್ನಲ್ಲಿಯೇ ಇರಲಿ, ಇನ್ನೂ ಎರಡು ಜಾಗಗಳ ಮಾತುಕತೆ ಬಾಕಿ ಇದೆ.

ಈಗ ಕಟ್ಟಡ. ಒಟ್ಟು 48 ಚದರ ಮೀಟರ್. ಪಾಯದ ಮೇಲೆ ಪ್ಲಿಂತ್ ಬೀಮ್ ಎಂಬ ಕಾಂಕ್ರೀಟು ತೊಲೆ, ಮೂಲೆಗಳಲ್ಲಿ ಮತ್ತು ಪ್ರತಿ ಮೂರು ಮೀಟರಿಗೊಂದರಂತೆ 15 ಸೆಂ.ಮೀ. ಚೌಕದ ಗಿಡ್ಡ ಕಂಬಗಳು, ನಡುವೆ ಇಟ್ಟಿಗೆ, ಕಿಟಕಿಯ ಮಟ್ಟದಲ್ಲಿ ಮನೆಯನ್ನು ಸುತ್ತಿ ಬರುವ ಒಂದು ಬ್ಯಾಂಡ್, ಅಂದರೆ ಕಾಂಕ್ರೀಟಿನ ಪಟ್ಟಿ. ಮೊದಲ ಜಗಳ ಸರಳಿನದು. ಅಂಗಡಿಯವನು ಹತ್ತು ಮಿ.ಮೀ. ಎಂದು ಕೊಟ್ಟದ್ದಕ್ಕೆ ವರ್ನಿಯರ್ ಹಿಡಿದರೆ ಎಂಟನ್ನು ಕೂದಲೆಳೆಯಷ್ಟು ದಾಟಿತ್ತು. ಇದು ಮೋಸವೂ ಅಲ್ಲ, ಗುಟ್ಟೂ ಅಲ್ಲ: ಇಂಥ ಸಪೂರ ಸರಳಿಗೆ ‘ಬೆಸಿ ಬಾಂಚಿ’ ಎಂಬ ಹೆಸರೇ ಇದೆ, ಕೇಳಿದರೆ ಅಂಗಡಿಯವರೇ ಎರಡನ್ನೂ ತೋರಿಸುತ್ತಾರೆ, ಪೂರ್ಣ ಗಾತ್ರದ್ದಕ್ಕೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೆಚ್ಚು ಬೆಲೆ. ಎರಡನೆಯ ಜಗಳ ರಿಂಗಿನದು, ಅಂದರೆ ಕಂಬದ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ಸರಳಿನದು. ಮೇಸ್ತ್ರಿ ಒಂದೊಂದು ಗೇಣಿಗಿಂತ ದೂರದಲ್ಲಿ ರಿಂಗು ಕಟ್ಟಿ, ತುದಿಯನ್ನು ಮೂಲೆಮಟ್ಟಕ್ಕೆ ಬಗ್ಗಿಸಿ ಬಿಟ್ಟಿದ್ದ. ನಾನು ಅವನ್ನೆಲ್ಲ ಬಿಚ್ಚಿಸಿ, ಕಂಬದ ಬುಡ ಮತ್ತು ತಲೆಯಲ್ಲಿ ಹತ್ತು ಸೆಂ.ಮೀ.ಗೊಂದು, ನಡುವೆ ಹದಿನೈದಕ್ಕೊಂದು ಹಾಕಿಸಿ, ತುದಿಗಳನ್ನು ಕಂಬದ ಹೊಟ್ಟೆಯ ಒಳಕ್ಕೆ 135 ಡಿಗ್ರಿ ಮಡಿಸಿದೆ. ಇಷ್ಟು ಕಬ್ಬಿಣದಲ್ಲಿ ಸೇತುವೆಯನ್ನೇ ಕಟ್ಟಬಹುದಿತ್ತು ಎಂದು ಅವನು ಗೊಣಗಿದ. ಮರದ ಕಂಬಗಳನ್ನು ಬ್ಯಾಂಡಿಗೆ ಹಿಡಿದಿಡುವ ಬೋಲ್ಟುಗಳನ್ನು ಕಾಂಕ್ರೀಟು ಹಾಕುವಾಗಲೇ ನಿಲ್ಲಿಸಿದೆ. ಆ ಜೋಡಣೆಯ ಒಂದು ವಿವರವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದರಿಂದ ಈಗ ನಾಲ್ಕು ಕಾಸು ಬರುತ್ತಿದೆ.

ಮರಕ್ಕೆ ತೆಂಗನ್ನೇ ಆರಿಸಿದೆ, ಕರಾವಳಿಯವನಿಗೆ ಅದನ್ನು ಬಿಟ್ಟು ಬೇರೆ ಯಾವುದರಲ್ಲಿ ನಂಬಿಕೆ? ಕಾಯಿ ಬಿಡುವುದು ಕಡಿಮೆಯಾದ ಹಳೆಯ ಮರದ ಬುಡದ, ಹೊರಸುತ್ತಿನ ಕಪ್ಪು ಭಾಗ ಮಾತ್ರ ಪಕಾಸಿಗೂ ಕಂಬಕ್ಕೂ ಆಗುತ್ತದೆ. ಮೊದಲ ಲೋಡಿನಲ್ಲಿ ಎಳೆಯ ಮರವೂ ತಿರುಳಿನ ಭಾಗವೂ ಬೆರೆತು ಬಂದು, ಬಿಸಿಲಿಗೆ ಒಂದು ತಿಂಗಳಿನಲ್ಲಿ ಸೊಟ್ಟಗಾದವು. ಸುಮಾರು ಐವತ್ತು ಲಕ್ಷ ರುಪಿಯಾ ಅಲ್ಲಿ ಹೋಯಿತು, ಅದರಲ್ಲಿ ಕೋಳಿಗೂಡು ಮಾತ್ರ ಆಯಿತು. ಮೇಲಿನ ಗೋಡೆಗೆ ಒಂದು ಬದಿಯಲ್ಲಿ ‘ಬೆಡೆಕ್’, ಅಂದರೆ ಹೆಣೆದ ಬಿದಿರಿನ ತಟ್ಟಿಯನ್ನು ಹಾಕಿ ನೋಡಿದೆ. ಹಿರಿಯರು ಹೇಳಿದಂತೆ ತೊರೆಯ ನೀರಿನಲ್ಲಿ ಕೆಲವು ವಾರ ನೆನೆಹಾಕಿದರೂ ಮಳೆಗಾಲ ಮುಗಿಯುವಷ್ಟರಲ್ಲಿ ಕುಟ್ಟೆ ಹಿಡಿದು, ಬೆಳಿಗ್ಗೆ ಎದ್ದರೆ ನೆಲದ ಮೇಲೆ ಹಳದಿ ಹುಡಿಯ ಗೆರೆ ಕಾಣುತ್ತಿತ್ತು. ಎರಡನೆಯ ಬಾರಿ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಿನಲ್ಲಿ ಅದ್ದಿಸಿದೆ, ಅದು ಇಂದಿಗೂ ಗಟ್ಟಿಯಾಗಿದೆ. ಆದರೆ ಅಷ್ಟು ಉಸಾಬರಿಗಿಂತ ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆಯೇ ಲೇಸೆಂದು ಉಳಿದ ಮೂರು ಬದಿಗೆ ಅದನ್ನೇ ಬಡಿಸಿದೆ.

ಹಂಚನ್ನು ಬಿಡುವುದು ನನಗೇ ಕಷ್ಟವಾಯಿತು. ಮಂಗಳೂರಿನವನು ತಗಡಿನ ಮಾಡಿನ ಕೆಳಗೆ ಮಲಗುವುದೆಂದರೇನು? ಆದರೂ ಚದರ ಮೀಟರಿಗೆ ನಲವತ್ತು ಕಿಲೋ ಭಾರವನ್ನು ತಲೆಯ ಮೇಲಿಟ್ಟುಕೊಳ್ಳುವ ಬದಲು, ಮಾಡನ್ನು ಹೊರುವ ಹಗುರ ಉಕ್ಕಿನ ಚೌಕಟ್ಟಾದ ಟ್ರಸ್ಸಿನ ಮೇಲೆ ತಗಡು ಹಾಕಿಸಿ, ಸೆಕೆಗೂ ಮಳೆಯ ಸದ್ದಿಗೂ ತಡೆಯಾಗಿ ಒಳಗೆ ಬಿದಿರಿನ ಚಾಪೆಯ ಮುಚ್ಚಿಗೆ ಮಾಡಿಸಿದೆ. ಹೋಲಿಸಿ ನೋಡಲೆಂದು ಹಿಂದಿನ ಅಡುಗೆ ಚಾವಡಿಗೆ ಮಾತ್ರ ಹಂಚು ಹೊದೆಸಿದೆ. ಒಟ್ಟು ಖರ್ಚು ಒಂಬತ್ತೂವರೆ ಕೋಟಿ ರುಪಿಯಾದ ಹತ್ತಿರ ಬಂದಿತು. ಪೂರ್ತಿ ಗೋಡೆ ಮತ್ತು ಹಂಚಿಗೆ ಅದೇ ಮೇಸ್ತ್ರಿ ಹೇಳಿದ್ದ ದರದಲ್ಲಿ ಹದಿಮೂರು ಕೋಟಿ ದಾಟುತ್ತಿತ್ತು.

2018ರ ಜುಲೈ 29ರ ಬೆಳಿಗ್ಗೆ 6.4ರ ಭೂಕಂಪವಾದಾಗ ಊರಿನಲ್ಲಿ ಬಿರುಕುಗಳು ಮಾತ್ರ ಕಂಡವು. ಆಗಸ್ಟ್ 5ರ ಸಂಜೆ ಏಳೂಮುಕ್ಕಾಲಿಗೆ, ಇಶಾ ನಮಾಜಿನ ಹೊತ್ತಿಗೆ, 7.0ರದ್ದು ಬಂದಿತು. ನಾನು ಒಳಗಿದ್ದೆ. ದೀಪ ಆರಿತು, ಮರದ ಚೌಕಟ್ಟು ಅಲೆಗೆ ಸಿಕ್ಕ ದೋಣಿಯಂತೆ ಕಿರುಗುಟ್ಟಿತು, ಬಾಗಿಲು ಮಾತ್ರ ಸಿಕ್ಕಿಹಾಕಿಕೊಳ್ಳದೆ ತೆರೆಯಿತು. ಅಂದರೆ ಚೌಕಟ್ಟು ಸೊಟ್ಟಗಾಗಿರಲಿಲ್ಲ; ಕಟ್ಟಡದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಹೊರಗೆ ಬಂದಾಗ ಅಡುಗೆ ಚಾವಡಿಯ ಹಂಚುಗಳು ಸಾಲಾಗಿ ಜಾರಿ ಒಲೆಯ ಮೇಲೆ ಬಿದ್ದಿದ್ದವು. ಸುನಾಮಿಯ ಎಚ್ಚರಿಕೆ ಬಂದು ಕೆಳಗಿನ ಊರಿನವರೆಲ್ಲ ಕತ್ತಲೆಯಲ್ಲಿ ನಮ್ಮ ಗುಡ್ಡ ಹತ್ತಿದರು. ಸ್ವಲ್ಪ ಹೊತ್ತಿನ ಬಳಿಕ ಆ ಎಚ್ಚರಿಕೆಯನ್ನು ಹಿಂತೆಗೆದುಕೊಂಡರು. ಲೊಂಬೊಕ್‌ನಲ್ಲಿ ಆ ಸರಣಿಯಲ್ಲಿ ಸತ್ತವರು ಐನೂರಕ್ಕೂ ಹೆಚ್ಚು, ಬಹುಪಾಲು ಗೋಡೆ ಮಾಡುಗಳ ಕೆಳಗೆ. ನಿರಾಶ್ರಿತರಾದವರು ನಾಲ್ಕು ಲಕ್ಷದಷ್ಟು. ನಮ್ಮ ಹಳ್ಳಿಯಲ್ಲಿ ನಾಲ್ಕರಲ್ಲಿ ಮೂರು ಮನೆಗಳು ವಾಸಕ್ಕೆ ಯೋಗ್ಯವಾಗಿ ಉಳಿಯಲಿಲ್ಲ. ಬೆಳಗಾದ ಮೇಲೆ ಟಾರ್ಚು ಹಿಡಿದು ನೋಡಿದರೆ ನನ್ನ ಮನೆಯಲ್ಲಿ ಎರಡು ಕಿಟಕಿಗಳ ಕೆಳಮೂಲೆಯಲ್ಲಿ ಕೂದಲಿನಷ್ಟು ಸಪೂರ ಬಿರುಕು, ಒಂದು ಒಡೆದ ಗಾಜು. ಆಗಸ್ಟ್ 19ರ 6.9 ಬಂದಾಗಲೂ ಅದಕ್ಕಿಂತ ಹೆಚ್ಚು ಆಗಲಿಲ್ಲ. ಮೇಸ್ತ್ರಿ ಬಂದು ಏನೂ ಮಾತನಾಡದೆ ಬ್ಯಾಂಡಿನ ಸುತ್ತ ಒಂದು ಸುತ್ತು ಬಂದು, ಬೋಲ್ಟುಗಳನ್ನು ಎಣಿಸಿ ಹೋದ.

ಆ ನಂತರದ ವಾರಗಳಲ್ಲಿ ಇಡೀ ಊರು ಗದ್ದೆಯಲ್ಲಿ ಟಾರ್ಪಾಲಿನ ಕೆಳಗೆ ಮಲಗಿತು. ಮನೆ ಗಟ್ಟಿಯಿದ್ದರೂ ನಾವೂ ಅಲ್ಲಿಯೇ ಇದ್ದೆವು, ಮಕ್ಕಳು ಒಳಗೆ ಬರಲು ಒಪ್ಪಲಿಲ್ಲ. ಟಾರ್ಪಾಲಿನ ಬೆಲೆ ಮೂರು ಪಟ್ಟಾಯಿತು. ಖಾಲಿ ಮನೆಗಳಿಗೆ ಕಳ್ಳರು ನುಗ್ಗುವ ಭಯದಿಂದ ರಾತ್ರಿಯ ಕಾವಲನ್ನು, ಅಲ್ಲಿನವರ ‘ರೊಂಡಾ’ವನ್ನು, ಎರಡು ಪಾಳಿ ಮಾಡಿದರು. ವಿದೇಶಿಯೆಂದು ನನಗೆ ವಿನಾಯಿತಿ ಕೊಡಲು ಬಂದರು. ನಾನು ಒಪ್ಪದೆ ಪೊಳ್ಳು ಮರದ ಡೋಲು ಬಡಿಯುವ ಪಾಳಿಗೆ ಹೆಸರು ಕೊಟ್ಟೆ, ಅಂದಿನಿಂದ ನನ್ನ ಜಾಗದ ಗಡಿಯ ಬಗ್ಗೆ ಯಾರೂ ತಕರಾರು ಎತ್ತಿಲ್ಲ. ಕಾವಲು ಇರುವುದು ಮುಖ್ಯವಾಗಿ ದನಗಳಿಗೆ: ಇಪ್ಪತ್ತು ಮನೆಗಳ ದನಗಳನ್ನು ಒಂದೇ ಸಾಮೂಹಿಕ ಕೊಟ್ಟಿಗೆಯಲ್ಲಿ ಕಟ್ಟಿ, ಪಕ್ಕದ ಅಟ್ಟಣಿಗೆಯಲ್ಲಿ ಮನೆಗೊಬ್ಬರಂತೆ ಸರದಿಯಲ್ಲಿ ಮಲಗುತ್ತಾರೆ, ತಪ್ಪಿಸಿಕೊಂಡವರು ಎಲ್ಲರಿಗೂ ಕಾಫಿ, ಸಿಗರೇಟು ಕೊಡಿಸಬೇಕು. ಅಲ್ಲಿ ಚಲನೆ ಗುರುತಿಸುವ ಸೋಲಾರ್ ದೀಪ ಹಾಕಿ ನೋಡಿದೆ. ದನಗಳು ಬಾಲ ಬೀಸಿದಾಗಲೆಲ್ಲ ಅದು ಉರಿದು, ಯಾರಿಗೂ ನಿದ್ದೆ ಬಾರದೆ, ಒಂದೇ ವಾರದಲ್ಲಿ ಅದನ್ನು ಕಳಚಿ ನನ್ನ ಅಂಗಳಕ್ಕೆ ತಂದೆ. ಇನ್ನೊಂದು ಮಾತು: ಅತಿಥಿ ಬಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಊರಿನ ಮುಖ್ಯಸ್ಥರಿಗೆ ತಿಳಿಸಬೇಕೆಂಬ ಫಲಕ ಎಲ್ಲೆಡೆ ಇರುತ್ತದೆ. ನನ್ನ ತಮ್ಮ ಮಂಗಳೂರಿನಿಂದ ಬಂದ ರಾತ್ರಿಯೇ ಅವನ ಪಾಸ್‌ಪೋರ್ಟ್ ಹಿಡಿದುಕೊಂಡು ಹೋಗಿ ಹೇಳಿ ಬಂದೆ; ಹೀಗೆ ಮಾಡಿದ್ದರಿಂದ ಅವನು ತಡರಾತ್ರಿ ಒಬ್ಬನೇ ತಿರುಗಿದರೂ ಯಾರೂ ಪ್ರಶ್ನಿಸಲಿಲ್ಲ.

ಪ್ರಯಾಣದ ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ ಯಾರೂ ಅಲ್ಲಿ ಕಟ್ಟಡಕ್ಕೆ ಕೈ ಹಾಕಬಾರದು. ಸಿಮೆಂಟು, ಹಲಗೆ, ಟ್ರಸ್ಸು ಎಲ್ಲವೂ ಮಾತರಾಂನಿಂದ ಪುಸುಕ್ ಘಟ್ಟ ಹತ್ತಿ ಬರಬೇಕು. ಲಾರಿ ನಮ್ಮ ಊರಿನ ಕೊನೆಯ ಏರನ್ನು ಹತ್ತುವುದಿಲ್ಲವಾದ್ದರಿಂದ ಕೆಳಗಿಳಿಸಿ ಪಿಕಪ್‌ಗೆ ತುಂಬಿಸಬೇಕು; ಒಂದು ಸಲಕ್ಕೆ ಮೂರರಿಂದ ನಾಲ್ಕು ಲಕ್ಷ ರುಪಿಯಾ, ಇಳಿಸುವ ಕೂಲಿ ಬೇರೆ. ನಾನು ಊರಿಗೆ ಹೋಗುವುದು ಪ್ರಾಯಾ ವಿಮಾನ ನಿಲ್ದಾಣದಿಂದ ಕೌಲಾಲಂಪುರ, ಬೆಂಗಳೂರು ಮಾರ್ಗವಾಗಿ. 2017ರ ನವೆಂಬರ್‌ನಲ್ಲಿ ಬಾಲಿಯ ಆಗುಂಗ್ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತಾಗ ಪ್ರಯಾಣವನ್ನೇ ಮುಂದೂಡಿದೆ. ಬರೀ ಬಾಲಿಗಾದರೆ ಲೆಂಬಾರ್ ಬಂದರಿನಿಂದ ಪಡಂಗ್‌ಬಾಯ್‌ಗೆ ನಾಲ್ಕೈದು ಗಂಟೆಯ ಹಡಗು ಹೇಗೂ ಇದೆ. ಆದರೆ ನನ್ನ ಅಂದಾಜಿನಲ್ಲಿ ಅಲ್ಲಿ ನೆಲೆಸುವವರಿಗೆ ನಿಜವಾದ ಅಪಾಯ ಮೋಟಾರ್‌ಸೈಕಲ್ಲೇ. ನಮ್ಮಂತೆಯೇ ಎಡಬದಿಯ ಸಂಚಾರವೆಂದು ನಿಶ್ಚಿಂತೆಯಿಂದ ಹೊರಟವರು, ದೀಪವಿಲ್ಲದ ರಸ್ತೆಯಲ್ಲಿ ‘ಚಿಡೊಮೊ’ ಎಂಬ ಕುದುರೆಗಾಡಿಗೆ ಗುದ್ದಿದ್ದನ್ನು ನೋಡಿದ್ದೇನೆ. ಮಗ್ರಿಬ್, ಅಂದರೆ ಸೂರ್ಯಾಸ್ತದ ನಮಾಜು ಆದ ಮೇಲೆ ನಾನು ಬೈಕು ಹತ್ತುವುದಿಲ್ಲ.

ತೀವ್ರ ಹಾನಿಯಾದ ಮನೆಗೆ ಸರ್ಕಾರ ಐದು ಕೋಟಿ ರುಪಿಯಾ, ಮಧ್ಯಮ ಹಾನಿಗೆ ಎರಡೂವರೆ ಕೋಟಿ, ಸಣ್ಣದಕ್ಕೆ ಒಂದು ಕೋಟಿ ಕೊಟ್ಟಿತು. ಸಿದ್ಧ ಕಾಂಕ್ರೀಟ್ ಹಲಗೆಗಳ ‘ರಿಶಾ’, ಮರದ ‘ರಿಕಾ’, ಮಾಮೂಲಿ ಇಟ್ಟಿಗೆಯ ‘ರಿಕೊ’ ಎಂಬ ಮಾದರಿಗಳಲ್ಲಿ ಆರಿಸಿಕೊಳ್ಳಬೇಕಿತ್ತು. ನಮ್ಮ ಕೇರಿಯಲ್ಲಿ ಕೆಲವರು ನೇರವಾಗಿ ನನ್ನ ಅಂಗಳಕ್ಕೆ ಬಂದು ಟೇಪು ಹಿಡಿದು ಅಳತೆ ಬರೆದುಕೊಂಡರು. ಮಾವನವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ, ತಮ್ಮ ಮನೆಯ ಉಳಿದ ಹಂಚುಗಳನ್ನು ತಾವೇ ಇಳಿಸಿದರು. ಈಗ ಹೆಂಡತಿಯ ತಮ್ಮನಿಗಾಗಿ 36 ಚದರ ಮೀಟರಿನ ಮನೆ ನಡೆಯುತ್ತಿದೆ. ಚದರ ಮೀಟರಿಗೆ ಇಪ್ಪತ್ತೆಂಟು ಲಕ್ಷ ರುಪಿಯಾ ಬೀಳುತ್ತಿದೆ, ಒಳ್ಳೆಯ ಹಳೆಯ ತೆಂಗು ಸಿಗುವುದು ಅಪರೂಪವಾಗಿದೆ. ಹಾಗಾಗಿ ಈ ಬಾರಿ ಮೇಲಿನ ಚೌಕಟ್ಟನ್ನೂ ಹಗುರ ಉಕ್ಕಿನಲ್ಲಿಯೇ ಮಾಡಿಸುತ್ತಿದ್ದೇನೆ. ಅದು ಕಡಲ ಗಾಳಿಗೆ ಎಷ್ಟು ಬಾಳಿಕೆ ಬರುತ್ತದೆಂದು ನೋಡಲು ಒಂದು ತುಂಡನ್ನು ಕಳೆದ ಮಳೆಗಾಲದಿಂದ ಬಾವಿಯ ಪಕ್ಕದಲ್ಲಿ ನೆಟ್ಟಿದ್ದೇನೆ, ಕತ್ತರಿಸಿದ ಅಂಚನ್ನು ಬಿಟ್ಟರೆ ಬೇರೆಲ್ಲೂ ತುಕ್ಕು ಕಂಡಿಲ್ಲ.