ಉದ್ಯಮಬಾಗಿನ ಶೆಡ್ಡು, ಪುಣೆಯ ಶೆಡ್ಯೂಲು

ಬೆಳಗಾವಿಯ ಉದ್ಯಮಬಾಗಿನಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಪಕ್ಕದ ಫೌಂಡ್ರಿಯಿಂದ ಬೀಡು ಕಬ್ಬಿಣದ ಕಾಸ್ಟಿಂಗ್, ಅಂದರೆ ಎರಕದ ತುಂಡು ಕೊಂಡು, ಟರ್ನಿಂಗ್, ಡ್ರಿಲ್ಲಿಂಗ್ ಮಾಡಿ ಪುಣೆಗೆ ಕಳಿಸುತ್ತೇವೆ. ಅಲ್ಲಿನ ಕಂಪನಿ ಅದನ್ನು ಜೋಡಿಸಿ ಕಾರು ಕಂಪನಿಗೆ ಕೊಡುತ್ತದೆ. ಕಾರಿನ ಮೇಲೆ ನಮ್ಮ ಹೆಸರಿಲ್ಲ. ಆದರೆ ಕಾರಿಗೆ ಬೀಳುವ ಪೆಟ್ಟೆಲ್ಲ ನಮ್ಮ ಶೆಡ್ಯೂಲ್ ಹಾಳೆಗೆ, ಅಂದರೆ ಎಷ್ಟು ಮಾಲು ಬೇಕೆಂದು ಪುಣೆಯವರು ಕಳಿಸುವ ಪಟ್ಟಿಗೆ, ಬಂದೇ ಬರುತ್ತದೆ.

2021ರ ಸೆಪ್ಟೆಂಬರ್‌ನಲ್ಲಿ ಆ ಹಾಳೆಯಲ್ಲಿ ನಾಲ್ಕು ಸಾವಿರ ಇರಬೇಕಾದ ಕಡೆ ಒಂದೂವರೆ ಸಾವಿರ ಇತ್ತು. ಫೋನ್ ಮಾಡಿದೆ. ‘ಚಿಪ್ ಇಲ್ಲ ಸರ್, ಲೈನ್ ನಿಂತಿದೆ’ ಎಂದರು. ಅವರು ಹೇಳಿದ್ದು ಎಲೆಕ್ಟ್ರಾನಿಕ್ ಚಿಪ್; ನಮ್ಮ ಶಾಪಿನಲ್ಲಿ ಚಿಪ್ ಎಂದರೆ ಕಬ್ಬಿಣ ಕೊರೆದಾಗ ಉದುರುವ ಚೂರು. ನಮ್ಮ ಫೋರ್‌ಮನ್ ಕಾಕಾ ಕೇಳಿ ನಕ್ಕುಬಿಟ್ಟರು. ‘ಏನ್ರೀ ಸಾಹೇಬ್ರ, ನಮ್ಮ ಮಷಿನ್ ಬುಡಕ ದಿನಾ ಬುಟ್ಟಿಗಟ್ಟಲೆ ಚಿಪ್ ಬೀಳ್ತಾವಲ್ರೀ, ಕಳಿಸೋಣೇನು?’

2020ರ ಲಾಕ್‌ಡೌನ್‌ನಲ್ಲಿ ಕಾರು ಕಂಪನಿಗಳು ಚಿಪ್ ಆರ್ಡರ್ ಕಡಿಮೆ ಮಾಡಿದ್ದವು. ಚಿಪ್ ಮಾಡುವವರು ಲ್ಯಾಪ್‌ಟಾಪ್, ಮೊಬೈಲ್ ಕಡೆ ತಿರುಗಿದರು. ಕಾರಿಗೆ ಮತ್ತೆ ಗಿರಾಕಿ ಬಂದಾಗ ಕಾರಿನವರಿಗೆ ಪಾಳಿ ಹಚ್ಚಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಮಾಮೂಲಿಯ ಸುಮಾರು 40 ಪರ್ಸೆಂಟ್ ಮಾತ್ರ ತಯಾರಾಗಬಹುದು ಎಂದು ಮಾರುತಿ ಆಗಸ್ಟ್ ಕೊನೆಗೇ ಹೇಳಿತ್ತು. ಪೇಪರಿನಲ್ಲಿ ನಾನೂ ಓದಿದ್ದೆ. ನಮಗೇನು ಸಂಬಂಧ ಅಂತ ಸುಮ್ನೆ ಮಡಚಿಟ್ಟಿದ್ದೆ. ಅಷ್ಟರಲ್ಲಿ ಹಳೇ ಲೆಕ್ಕದ ಮೇಲೆ ಕಾಸ್ಟಿಂಗ್ ತಂದಾಗಿತ್ತು. ಅರ್ಧ ಮಷಿನ್ ಆದ ಮಾಲು ಬೆಳಗಾವಿ ಮಳೆಗೆ ತುಕ್ಕು ಹಿಡಿಯಿತು. ಫೌಂಡ್ರಿಯವರಿಗೆ ದುಡ್ಡು ಕೊಡಬೇಕಲ್ವಾ? ಆ ದೀಪಾವಳಿ ಬೋನಸ್ ಓವರ್‌ಡ್ರಾಫ್ಟ್‌ನಿಂದ ಕೊಟ್ಟೆ.

ಅಂದಿನಿಂದ ಪ್ರತಿ ತಿಂಗಳು ಒಂದನೇ ತಾರೀಕು ಕಾರು ಮಾರಾಟದ ಅಂಕಿ ನೋಡುತ್ತೇನೆ. ಅದರಲ್ಲೂ ಒಂದು ಮೋಸ ಇದೆ. ಕಂಪನಿಗಳು ಹೇಳುವ ಮಾರಾಟ ಎಂದರೆ ಹೆಚ್ಚಾಗಿ ಡೀಲರಿಗೆ ಕಳಿಸಿದ್ದು, ಗಿರಾಕಿ ಮನೆಗೆ ಹೋದದ್ದಲ್ಲ. ಅದಕ್ಕೇ ಶೋರೂಮಿನಲ್ಲಿರುವ ಗೆಳೆಯನಿಗೆ ಯಾರ್ಡಿನಲ್ಲಿ ಎಷ್ಟು ಗಾಡಿ ನಿಂತಿವೆ ಎಂದು ಕೇಳುತ್ತೇನೆ. ಯಾರ್ಡ್ ತುಂಬಿದ್ದರೆ ಶೆಡ್ಯೂಲ್ ಎಷ್ಟೇ ಇರಲಿ, ಅರ್ಧ ಕಾಸ್ಟಿಂಗ್ ಮಾತ್ರ ತರುತ್ತೇನೆ.

ರಸ್ತೆಯ ಪಾಠ ಕಲಿತದ್ದು ಅದಕ್ಕೂ ಮೊದಲು, 2019ರ ಆಗಸ್ಟ್‌ನಲ್ಲಿ. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗಾ, ಕೊಲ್ಹಾಪುರದ ಶಿರೋಲಿಯಲ್ಲಿ ಪಂಚಗಂಗಾ ಹೊಳೆ ಪುಣೆ ಹೆದ್ದಾರಿಗೇ ಬಂದಿದ್ದವು. ನಮ್ಮ ಲಾರಿ ದಿನಗಟ್ಟಲೆ ದಾರಿಯಲ್ಲೇ ನಿಂತಿತು. ಮಾಲು ತಡವಾಯಿತೆಂದು ಗಿರಾಕಿಯಿಂದ ಡೆಬಿಟ್ ನೋಟ್ ಬಂತು. ಹೊಳೆ ಬಂದದ್ದಕ್ಕೆ ನನಗೆ ದಂಡ! ಈಗ ಮೃಗದ ಮಳೆ ಶುರುವಾಗುವ ಮೊದಲೇ ಹತ್ತು ದಿನದ ಮಾಲು ಪುಣೆ ಹತ್ತಿರದ ಬಾಡಿಗೆ ಗೋಡೌನಿನಲ್ಲಿ ಇಡುತ್ತೇನೆ. ಬಾಡಿಗೆ ಜಾಸ್ತಿಯೇ. 2021ರ ಜುಲೈಯಲ್ಲಿ ಮತ್ತೆ ರಸ್ತೆ ಬಂದ್ ಆದಾಗ ಅದು ವಸೂಲಾಯಿತು.

ಬೀಡಿನ ರೇಟಿನ ಕಥೆ ಚಿಕ್ಕದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಪಿಗ್ ಐರನ್, ಅಂದರೆ ಫೌಂಡ್ರಿಯವರು ಕರಗಿಸುವ ಕಚ್ಚಾ ಕಬ್ಬಿಣ, ಏರಿತು. ಮೇ ತಿಂಗಳಲ್ಲಿ ಸರ್ಕಾರ ರಫ್ತಿನ ಮೇಲೆ 15 ಪರ್ಸೆಂಟ್ ಸುಂಕ ಹಾಕಿತು, ಇಳಿಯಿತು. ಆಗ ಪುಣೆಯವರು ನಮ್ಮ ರೇಟ್ ಬದಲಿಸುತ್ತಿದ್ದದ್ದು ಮೂರು ತಿಂಗಳಿಗೊಮ್ಮೆ. ಏರಿದಾಗಲೂ ಪೆಟ್ಟು, ತುಟ್ಟಿ ಮಾಲು ಮನೆಯಲ್ಲಿದ್ದು ಇಳಿದಾಗಲೂ ಪೆಟ್ಟು. ಜಗಳಾಡಿ ಅದನ್ನು ತಿಂಗಳಿಗೊಮ್ಮೆ ಮಾಡಿಸಿಕೊಂಡೆ.

ಬ್ಯಾಟರಿ ಗಾಡಿ ಬಂದಾಗ ಕಾಕಾ ಜೊತೆ ಕೂತು ನಮ್ಮ ಒಂಬತ್ತು ಪಾರ್ಟ್ ಪಟ್ಟಿ ಮಾಡಿದೆ. ಎಗ್ಸಾಸ್ಟ್ ಮ್ಯಾನಿಫೋಲ್ಡ್, ಫ್ಲೈವೀಲ್ ಅಂಥ ಎಂಜಿನ್ನಿನ ಐದು ಪಾರ್ಟ್ ಅದಕ್ಕೆ ಬೇಕಾಗಿಯೇ ಇಲ್ಲ. ಬ್ರೇಕ್ ಡ್ರಮ್ ಉಳಿಯುತ್ತದೆ. ಅದೇ ವರ್ಷ ಎರಡು ಮಷಿನ್‌ಗಳನ್ನು ಟ್ರ್ಯಾಕ್ಟರ್ ಕೆಲಸಕ್ಕೆ ಬಿಟ್ಟೆ.

ಟ್ರ್ಯಾಕ್ಟರ್ ನಂಬುವುದು ಮಳೆಯನ್ನು. ಹಾಗಾಗಿ ಈಗ ಜೂನ್ ಬಂದರೆ ನನ್ನದು ಎರಡು ಬಾಯಿ: ಹೊಲಕ್ಕೆ ಚೆನ್ನಾಗಿ ಆಗಲಿ, ಯಮಗರ್ಣಿ ಸೇತುವೆಗೆ ಮಾತ್ರ ಬೇಡ.